ಕಡಲೂರಲ್ಲಿ ಮನೆ: ಕಲಬುರಗಿಯ ನಿವೃತ್ತರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ಗಣಿತದ ಟೀಚರ್ ಆಗಿದ್ದೆ. ನಿವೃತ್ತಿ ಆದ ಮೇಲೆ ನಾನು, ನಮ್ಮ ಮನೆಯವರು ಕುಂದಾಪುರದ ಹತ್ತಿರ ಬಾಡಿಗೆ ಮನೆ ಹಿಡಿದೆವು. ಈಗ ಮೂರನೇ ವರ್ಷ. ಕಲಬುರಗಿಯ ಮನೆ ಮಾರಿಲ್ಲ, ಕುಂದಾಪುರದ ಕಡೆ ಸ್ವಂತ ಮನೆ ಕೊಂಡಿಲ್ಲ. ಊರಿಗೆ ಬಂದು ಅಪ್ಪನ ಕೆರೆ ಕಡೆ ವಾಕಿಂಗ್ ಹೋದರೆ ಸಾಕು, ಜೊತೆಗೆ ಕೆಲಸ ಮಾಡಿದವರು ನಿಲ್ಲಿಸಿ ಕೇಳುತ್ತಾರೆ: "ಟೀಚರ್, ನಾವೂ ಸಮುದ್ರದ ಕಡೆ ಒಂದು ಮನೆ ಮಾಡ್ಬೇಕಂತೀವಿ, ಹೆಂಗ್ರಿ?" ನಿಂತಲ್ಲೇ ಹೇಳಿದರೆ ಅರ್ಧ ಮರೆತು ಹೋಗುತ್ತದೆ. ಅದಕ್ಕೇ ಎಲ್ಲ ಒಂದು ಕಡೆ ಬರೆದಿದ್ದೇನೆ. ಜೀವಮಾನದ ದುಡ್ಡಿನ ಮಾತು ಇದು. ಹಣ ಕೈಬಿಡುವ ಮುಂಚೆ ಆ ಕಡೆಯ ಒಬ್ಬ ವಕೀಲರಿಗೆ ಕಾಗದ ತೋರಿಸಲೇಬೇಕು.

ಬಾಡಿಗೆಗೆ ಇರಬೇಕಾ, ನೇರ ಮನೆ ತಗೋಬೇಕಾ?

ಬಾಡಿಗೆಗೆ ಇರಿ. ಒಂದು ಮಳೆಗಾಲ ಪೂರ್ತಿ ಅಲ್ಲೇ ಕಳೆಯಿರಿ. ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವ ತನಕ, ನಡುವೆ ಊರಿಗೆ ಓಡಿ ಬರದೆ.

ನಮ್ಮ ಕಡೆಯವರು ಮನೆ ನೋಡಲು ಹೋಗುವುದು ಡಿಸೆಂಬರ್ ರಜೆಯಲ್ಲಿ. ಮರವಂತೆಯಲ್ಲಿ ರಸ್ತೆಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಗಾಳಿ ಹಿತವಾಗಿರುತ್ತದೆ. ಕಣ್ತುಂಬ ಹಸಿರು. ವಾಪಸ್ ಬರುವ ಮುಂಚೆಯೇ ಬಯಾನಾ (ಮುಂಗಡ ಹಣ) ಕೊಟ್ಟು ಬಂದವರನ್ನು ನಾನು ನೋಡಿದ್ದೇನೆ. ಅವರಲ್ಲಿ ಒಬ್ಬರು ಜುಲೈ ತಿಂಗಳಲ್ಲಿ ಫೋನ್ ಮಾಡಿ ಅತ್ತರು. ಅರವತ್ತು ದಾಟಿದ ಮೇಲೆ ಕೊಂಡ ಮನೆಯನ್ನು ಮಾರಿ ಇನ್ನೊಂದು ಕೊಳ್ಳುವ ಶಕ್ತಿ, ಓಡಾಟ ಎರಡೂ ಕಷ್ಟ. ಬಾಡಿಗೆ ಮನೆ ಹಿಡಿಸದಿದ್ದರೆ ಟೆಂಪೋ ಕರೆಸಿ ಸಾಮಾನು ತುಂಬಿದರೆ ಮುಗಿಯಿತು.

ಮಳೆ ಅಂದ್ರೆ ಅಷ್ಟೇನು ಕಷ್ಟ? ನಮಗೆ ಮಳೆ ಅಂದ್ರೆ ಖುಷಿನೇ ಅಲ್ವಾ?

ನಮಗೂ ಖುಷಿಯೇ ಇತ್ತು. ಕಲಬುರಗಿಯಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 700ರಿಂದ 800 ಮಿ.ಮೀ. ಉಡುಪಿ ಜಿಲ್ಲೆಯಲ್ಲಿ 4000 ಮಿ.ಮೀ. ಸುತ್ತಮುತ್ತ, ಅದರಲ್ಲೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಅಂದರೆ ನಮ್ಮ ಐದು ವರ್ಷದ ಮಳೆ ಅಲ್ಲಿ ಒಂದೇ ವರ್ಷಕ್ಕೆ.

ಮೊದಲ ಜೂನ್‌ನಲ್ಲಿ ನಡೆದದ್ದು ಹೇಳುತ್ತೇನೆ. ಬಾಗಿಲ ಹಿಂದೆ ಮೊಳೆಗೆ ನಮ್ಮ ಮನೆಯವರ ತೊಗಲಿನ ಬೆಲ್ಟ್ ತೂಗು ಹಾಕಿತ್ತು. ನಾಲ್ಕು ದಿನ ಯಾರೂ ಮುಟ್ಟಲಿಲ್ಲ. ಐದನೇ ದಿನ ತೆಗೆದರೆ ಅದರ ಮೇಲೆ ಬೂದು ಬಣ್ಣದ ಬೂಸ್ಟು, ಬೆರಳಿಟ್ಟರೆ ಪುಡಿ ಅಂಟುತ್ತಿತ್ತು. ಓಡಿ ಹೋಗಿ ಬೀರು ತೆಗೆದೆ. ನನ್ನ ಮದುವೆಯ ಇಳಕಲ್ ಸೀರೆಯ ಮಡಿಕೆಯೊಳಗೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳು. ಮಗಳ ನಾಮಕರಣದ ಫೋಟೋಗಳು ಆಲ್ಬಮ್ಮಿನ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿದ್ದವು. ಸೀರೆ ಉಳಿಯಿತು. ಎರಡು ಫೋಟೋ ಹರಿದು ಹೋದವು, ಇವತ್ತಿಗೂ ಬೇಜಾರಾಗುತ್ತದೆ. ಈಗ ರೇಷ್ಮೆ ಸೀರೆ, ಹಳೆ ಫೋಟೋ, ಮನೆ ಕಾಗದ ಎಲ್ಲ ಕಲಬುರಗಿಯಲ್ಲೇ ಇವೆ.

ಬಟ್ಟೆ ಒಣಗಲು ಎರಡು ಮೂರು ದಿನ ಬೇಕು. ಕರೆಂಟ್ ಹೋದರೆ ಮರ ಎತ್ತುವ ತನಕ ಬರುವುದಿಲ್ಲ. ಕೀಲುನೋವು ಇದ್ದವರು, ಉಬ್ಬಸ ಇದ್ದವರು ಒಂದು ಮಳೆಗಾಲ ಇದ್ದು ನೋಡದೆ ಏನೂ ನಿರ್ಧಾರ ಮಾಡಬೇಡಿ.

ಬೇಸಿಗೆ ಆದ್ರೂ ಅಲ್ಲಿ ತಂಪಾಗಿರುತ್ತಲ್ಲ?

ಇಲ್ಲಿ ಎಲ್ಲರೂ ಮೋಸ ಹೋಗುತ್ತಾರೆ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 42, 43 ಡಿಗ್ರಿ ಇದ್ದಾಗ ಕುಂದಾಪುರದಲ್ಲಿ 34 ಇರಬಹುದು. ಆದರೆ ಗಾಳಿಯ ತುಂಬ ನೀರಿನ ಪಸೆ. ಸ್ನಾನ ಮಾಡಿ ಹೊರಗೆ ಬರುವುದರೊಳಗೆ ಬೆನ್ನು ಮತ್ತೆ ಒದ್ದೆ.

ನಾವು ಮನೆಯ ದೊಡ್ಡ ಏರ್ ಕೂಲರ್ ಕಟ್ಟಿಕೊಂಡು ಹೋಗಿದ್ದೆವು. ಸುಮ್ನೆ ಟೆಂಪೋ ಬಾಡಿಗೆ ದಂಡ. ಕೂಲರ್ ತಂಪು ಮಾಡುವುದು ನೀರು ಆವಿಯಾಗುವಾಗ. ನಮ್ಮ ಒಣ ಗಾಳಿಯಲ್ಲಿ ನೀರು ಬೇಗ ಆವಿಯಾಗುತ್ತದೆ, ತಂಪಾಗುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ, ಇನ್ನೆಲ್ಲಿ ಆವಿಯಾಗಬೇಕು? ಕೋಣೆ ಇನ್ನಷ್ಟು ಅಂಟಂಟಾಯಿತು. ಅಲ್ಲಿಗೆ ಫ್ಯಾನ್ ಬೇಕು, ಇಲ್ಲವೇ ಎ.ಸಿ. ಅಕ್ಟೋಬರ್ ಕೊನೆಯಿಂದ ಫೆಬ್ರುವರಿ ತನಕ ಮಾತ್ರ ನಿಜವಾಗಿ ಸುಖದ ಕಾಲ.

ಬಾಡಿಗೆ ಮನೆ ಹುಡುಕುವುದು ಹೇಗೆ?

ಮೊಬೈಲಿನಲ್ಲಿ ಕಾಣುವುದು ಪ್ರವಾಸಿಗರ ಮನೆಗಳು, ದಿನದ ಲೆಕ್ಕ. ತಿಂಗಳ ಬಾಡಿಗೆಯ ಮನೆ ಬಾಯಿಂದ ಬಾಯಿಗೆ ಸಿಗುತ್ತದೆ. ಒಂದು ವಾರ ಲಾಡ್ಜ್‌ನಲ್ಲಿ ಇಳಿದುಕೊಂಡು ಮೆಡಿಕಲ್ ಅಂಗಡಿ, ಕಿರಾಣಿ ಅಂಗಡಿ, ಆಟೋ ಸ್ಟ್ಯಾಂಡ್‌ನಲ್ಲಿ ಕೇಳಿ. ಅಲ್ಲಿಯ ಹಿರಿಯರು ಬಾಡಿಗೆ ಮನೆಗೆ 'ಬಿಡಾರ' ಎನ್ನುತ್ತಾರೆ. "ಬಿಡಾರ ಉಂಟಾ?" ಎಂದು ಕೇಳಿದರೆ ಮಾತು ಸಲೀಸು.

ಕುಂದಾಪುರ ಸೀಮೆಯ ಬಹಳ ಜನ ಹೋಟೆಲ್ ಉದ್ಯೋಗ ಹಿಡಿದು ಬೆಂಗಳೂರು, ಮುಂಬೈ ಸೇರಿದ್ದಾರೆ. ಹಾಗಾಗಿ ಬೀಗ ಹಾಕಿದ ಒಳ್ಳೆ ಮನೆಗಳು ಬೇಕಾದಷ್ಟಿವೆ. ಮಾಲೀಕರು ಹಬ್ಬಕ್ಕೆ, ಊರ ಜಾತ್ರೆಗೆ ಬರುತ್ತಾರೆ. ಮನೆ ಬೆಚ್ಚಗೆ ಇರಲಿ, ದೀಪ ಹಚ್ಚುವವರು ಇರಲಿ ಎಂದು ವಯಸ್ಸಾದ ದಂಪತಿಗಳಿಗೆ ಖುಷಿಯಿಂದ ಕೊಡುತ್ತಾರೆ. ಒಂದೇ ಮಾತು ಮೊದಲೇ ಕೇಳಿಕೊಳ್ಳಿ: ಅವರು ಬಂದಾಗ ಒಂದು ಕೋಣೆ ಬಿಟ್ಟುಕೊಡಬೇಕೇ? ನಮ್ಮ ಮನೆಯಲ್ಲಿ ದೇವರ ಕೋಣೆಯ ಕೀಲಿ ಅವರ ಹತ್ತಿರವೇ ಇದೆ. ನಮಗೆ ಅದರಿಂದ ತೊಂದರೆಯಾಗಿಲ್ಲ. ಆದರೆ ಸಾಮಾನು ಒಳಗೆ ಇಟ್ಟ ಮೇಲೆ ಗೊತ್ತಾಗಿದ್ದರೆ ಬೇಜಾರಾಗುತ್ತಿತ್ತು.

ಮನೆ ನೋಡುವಾಗ ಏನೇನು ನೋಡಬೇಕು?

ಮೊದಲು ಬಾವಿ. ಸಮುದ್ರ, ಹಿನ್ನೀರು ಹತ್ತಿರ ಇದ್ದ ಕಡೆ ಬೇಸಿಗೆಯಲ್ಲಿ ಸಿಹಿನೀರು ಇಳಿದು ಉಪ್ಪುನೀರು ಏರುತ್ತದೆ. ಡಿಸೆಂಬರ್‌ನಲ್ಲಿ ಸಕ್ಕರೆಯಂಥ ನೀರು ಏಪ್ರಿಲ್‌ನಲ್ಲಿ ಬಾಯಿಗೆ ಹಾಕಲು ಬರುವುದಿಲ್ಲ. ಮಾಲೀಕರನ್ನು ಬಿಟ್ಟು ಪಕ್ಕದ ಮನೆಯವರನ್ನು ಕೇಳಿ: "ಮೇ ತಿಂಗಳಲ್ಲಿ ಈ ಬಾವಿ ನೀರು ಕುಡೀತೀರಾ?"

ಆಮೇಲೆ ಮೇಲ್ಛಾವಣಿ. ತಾರಸಿ ಮನೆಯಾದರೆ ಮೇಲೆ ತಗಡಿನ ಶೀಟ್ ಹಾಕಿರಬೇಕು. ಹೆಂಚಿನ ಮನೆಯಾದರೆ ಮಳೆಗೆ ಮುಂಚೆ ಒಡೆದ ಹೆಂಚು ಯಾರು ಬದಲಿಸುತ್ತಾರೆ ಎಂದು ಕೇಳಿ. ಕಿಟಕಿ ಸರಳು, ಗೇಟಿನ ಕೀಲು ತುಕ್ಕು ಹಿಡಿದಿವೆಯೇ ನೋಡಿ. ಉಪ್ಪು ಗಾಳಿ ಕಬ್ಬಿಣವನ್ನು ತಿನ್ನುತ್ತದೆ. ನಮ್ಮ ಗ್ಯಾಸ್ ಒಲೆಯ ಕಾಲು ಎರಡು ವರ್ಷಕ್ಕೆ ಉದುರಿತು. ನೆಲ ಜಾರುತ್ತದೆಯೇ ಎಂದು ಬರಿಗಾಲಲ್ಲಿ, ಸ್ವಲ್ಪ ನೀರು ಚೆಲ್ಲಿ ನಡೆದು ನೋಡಿ. ನಮ್ಮ ಶಹಾಬಾದ್ ಫರಸಿಯ ಮೇಲೆ ನಡೆದ ಕಾಲು, ನುಣುಪು ಟೈಲ್ಸ್ ಮೇಲೆ ಮಳೆಗಾಲದಲ್ಲಿ ನಿಲ್ಲುವುದಿಲ್ಲ.

ಇನ್ನೊಂದು, ಮೆಟ್ಟಿಲು. ಇವತ್ತು ಹತ್ತುತ್ತೀರಿ. ಎಪ್ಪತ್ತೈದಕ್ಕೆ?

ಕರಾರು, ಅಡ್ವಾನ್ಸ್ ವಿಚಾರ ಹೇಳಿ.

ಹನ್ನೊಂದು ತಿಂಗಳ ಕರಾರು ಎಲ್ಲ ಕಡೆ ರೂಢಿ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಗೆ ಬರೆದರೆ ನೋಂದಣಿ ಮಾಡಿಸಬೇಕಾಗುತ್ತದೆ, ಅದಕ್ಕೇ ಈ ಹನ್ನೊಂದು. ಇ-ಸ್ಟ್ಯಾಂಪ್ ಕಾಗದದ ಮೇಲೆ ಬರೆಸಿ, ಇಬ್ಬರು ಸಾಕ್ಷಿ ಹಾಕಿಸಿ. ಬಾಯಿಮಾತಿನ ಮೇಲೆ ಇರಬೇಡಿ, ಮಾಲೀಕರು ಎಷ್ಟೇ ಒಳ್ಳೆಯವರಿರಲಿ.

ನಾವು ಮೊದಲು ಹಿಡಿದ ಮನೆ ಬೇರೆ. ಹನ್ನೊಂದು ತಿಂಗಳಿಗೆ ಬಿಟ್ಟೆವು. ಬಿಡುವಾಗ ಮಾಲೀಕರು "ಗೋಡೆ ಬೂಸ್ಟು ಹಿಡಿದಿದೆ, ಪೇಂಟಿಂಗ್ ಖರ್ಚು" ಎಂದು ಅಡ್ವಾನ್ಸ್‌ನಲ್ಲಿ 18 ಸಾವಿರ ಹಿಡಿದುಕೊಂಡರು. ಆ ಬೂಸ್ಟು ಹಿಡಿದದ್ದು ಸೋರುವ ತಾರಸಿಯಿಂದ. ನಾನು ಮೂರು ಸಲ ಫೋನ್ ಮಾಡಿ ಹೇಳಿದ್ದೆ. ಆದರೆ ಬರಹದಲ್ಲಿ ಏನೂ ಇರಲಿಲ್ಲ, ಫೋಟೋ ಇರಲಿಲ್ಲ. ಎರಡನೇ ಮನೆಗೆ ಹೋದ ದಿನವೇ ಪ್ರತಿ ಗೋಡೆ, ಪ್ರತಿ ನಲ್ಲಿಯ ಫೋಟೋ ತೆಗೆದು ಮಾಲೀಕರಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಪೇಂಟಿಂಗ್ ಯಾರದು, ಹೆಂಚು ಯಾರದು, ಪಂಪು ಕೆಟ್ಟರೆ ಯಾರದು ಎಂದು ಕರಾರಿನಲ್ಲಿ ಒಂದೊಂದು ಸಾಲು ಬರೆಸಿದೆ. ಅವರಿಗೂ ಅದು ಸರಿ ಅನ್ನಿಸಿತು.

ನಮಗೆ ಮನೆ ಕೊಡ್ತಾರಾ? ಹೆಸರು, ಜಾತಿ ಕೇಳ್ತಾರಂತೆ.

ಕೇಳುತ್ತಾರೆ. ಜಾತಿ ನೇರ ಕೇಳದವರು "ಊಟ ಎಂತ ಮಾಡುದು?" ಎಂದು ಕೇಳುತ್ತಾರೆ. ನನ್ನ ಜೊತೆ ಇಪ್ಪತ್ತು ವರ್ಷ ಪಾಠ ಮಾಡಿದ ಉರ್ದು ಟೀಚರ್ ಒಬ್ಬರು ಅಲ್ಲಿ ಮನೆ ಹುಡುಕಿದಾಗ, ಫೋನಿನಲ್ಲಿ ಖಾಲಿ ಇದ್ದ ಮನೆ ಹೆಸರು ಹೇಳಿದ ಮೇಲೆ ಖಾಲಿ ಇರಲಿಲ್ಲ. ನನಗೆ ಬಹಳ ನೋವಾಯಿತು. ನಮ್ಮ ಕಲಬುರಗಿಯಲ್ಲೂ ಮನೆ ಕೊಡುವಾಗ ಇದನ್ನೇ ಕೇಳುತ್ತೇವೆ. ಬಂದೇ ನವಾಜರ ದರ್ಗಾ, ಶರಣಬಸವೇಶ್ವರ ಗುಡಿ ಎರಡಕ್ಕೂ ನಡೆದುಕೊಳ್ಳುವ ಊರು ನಮ್ಮದು, ನಾವು ಹಾಗೆ ಕೇಳಬಾರದು. ಆ ಟೀಚರ್ ಜೊತೆ ನಾನೇ ನಾಲ್ಕು ಮನೆ ತಿರುಗಿದೆ. ಕೊನೆಗೆ ಸಿಕ್ಕಿತು. ಪರಿಚಯದವರೊಬ್ಬರು ಜೊತೆಗೆ ಹೋಗಿ ಎದುರಿಗೆ ಕೂತು ಮಾತಾಡಿದರೆ ಫೋನಿಗಿಂತ ಕೆಲಸ ಆಗುತ್ತದೆ.

ಕರೆಂಟ್, ಗ್ಯಾಸ್, ವೋಟು ಎಲ್ಲ ಬದಲಿಸಬೇಕಾ?

ಇಲ್ಲಿ ನಮ್ಮದು ಜೆಸ್ಕಾಂ. ಉಡುಪಿ, ದಕ್ಷಿಣ ಕನ್ನಡದಲ್ಲಿ ಮೆಸ್ಕಾಂ, ಉತ್ತರ ಕನ್ನಡದಲ್ಲಿ ಹೆಸ್ಕಾಂ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ನಿಮ್ಮ ಆಧಾರ್ ಒಂದೇ ಆರ್.ಆರ್. ನಂಬರಿಗೆ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ನಂಬರ್) ಜೋಡಣೆ ಆಗಿರಬೇಕು. ಹಳೆ ಮನೆಯ ಜೋಡಣೆ ತೆಗೆಸಿ ಹೊಸದಕ್ಕೆ ಸೇರಿಸಿ. ಗ್ಯಾಸ್ ಏಜೆನ್ಸಿಯಲ್ಲಿ ವರ್ಗಾವಣೆ ಚೀಟಿ ಕೊಡುತ್ತಾರೆ. ವೋಟರ್ ಪಟ್ಟಿಯಲ್ಲಿ ವಿಳಾಸ ಬದಲಿಸಲು ಫಾರಂ 8. ಪಿಂಚಣಿ ಯಾವ ಬ್ಯಾಂಕಿನಲ್ಲಿದ್ದರೂ ಬರುತ್ತದೆ. ಜೀವಂತ ಇದ್ದೇನೆ ಎನ್ನುವ ಪ್ರಮಾಣ ಪತ್ರವನ್ನು ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಬಹುದು.

ಜಾಗ 'ಸೆಂಟ್ಸ್' ಲೆಕ್ಕದಲ್ಲಿ ಹೇಳ್ತಾರೆ. ಅದೇನು?

ಇದು ನನಗೆ ಇಷ್ಟದ ಪ್ರಶ್ನೆ. ನೂರು ಸೆಂಟ್ಸ್ ಅಂದರೆ ಒಂದು ಎಕರೆ. ನಮ್ಮ ಲೆಕ್ಕದಲ್ಲಿ ನಲವತ್ತು ಗುಂಟೆ ಒಂದು ಎಕರೆ. ಹಾಗಾಗಿ ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ಒಂದು ಸೆಂಟ್ಸ್ 435.6 ಚದರ ಅಡಿ. ನಾವು 30 x 40ರ ಪ್ಲಾಟ್ ಅನ್ನುತ್ತೇವಲ್ಲ, ಆ 1200 ಚದರ ಅಡಿ ಅವರ ಲೆಕ್ಕದಲ್ಲಿ ಸುಮಾರು ಎರಡೂ ಮುಕ್ಕಾಲು ಸೆಂಟ್ಸ್. ಏಜೆಂಟರು "ಹತ್ತು ಸೆಂಟ್ಸ್" ಎಂದರೆ ಗಾಬರಿ ಬೇಡ, ಅದು ನಾಲ್ಕು ಗುಂಟೆ. ಇನ್ನೊಂದು, ಅಲ್ಲಿ ಯಾರೂ 'ಪ್ಲಾಟ್' ಎನ್ನುವುದಿಲ್ಲ. ನೀವು ಪ್ಲಾಟ್ ಎಂದರೆ ಅವರು ಅಪಾರ್ಟ್‌ಮೆಂಟಿನ ಫ್ಲ್ಯಾಟ್ ಎಂದು ತಿಳಿಯುತ್ತಾರೆ. 'ಜಾಗ' ಎನ್ನಿ.

ಕೊಳ್ಳುವಾಗ ಕಾಗದದಲ್ಲಿ ಏನು ನೋಡಬೇಕು? ಇಲ್ಲಿ ನೋಡೋ ಹಾಗೇ ಅಲ್ವಾ?

ಅರ್ಧ ಹಾಗೇ. ಪಹಣಿ, ಮುಟೇಶನ್, ಋಣಭಾರ ಪತ್ರ, ಮೂಲ ಕ್ರಯಪತ್ರ ಎಲ್ಲ ಕಡೆ ಒಂದೇ. ಕೃಷಿ ಜಮೀನು ಕೃಷಿಯೇತರ ಬಳಕೆಗೆ ಬದಲಾಗಿದೆಯೇ ಎಂದು ತಿಳಿಯಲು ನಾವು 'ಎನ್.ಎ. ಆಗ್ಯಾದೇನು?' ಎಂದು ಕೇಳುವುದನ್ನು ಅಲ್ಲಿ 'ಕನ್ವರ್ಷನ್ ಆಗಿದೆಯಾ?' ಎಂದು ಕೇಳುತ್ತಾರೆ. ಭೂಸುಧಾರಣೆ ಕಾಯ್ದೆಯ 2020ರ ತಿದ್ದುಪಡಿಯ ನಂತರ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಮನೆ ಕಟ್ಟಬೇಕಾದರೆ ಭೂ ಪರಿವರ್ತನೆ ಆಗಿರಬೇಕು. ಗ್ರಾಮ ಪಂಚಾಯ್ತಿ ವ್ಯಾಪ್ತಿಯ ಮನೆಗೆ ಇ-ಸ್ವತ್ತಿನ (ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9 ಮತ್ತು 11ಎ ಇರಬೇಕು. 11ಬಿ (ನಿಯಮಕ್ಕೆ ಪೂರ್ತಿ ಹೊಂದದ ಆಸ್ತಿಯದು) ಕೊಟ್ಟರೆ ಅಲ್ಲೇ ನಿಂತು, ಯಾಕೆ ಎಂದು ಕೇಳಿ. ಪಟ್ಟಣದಲ್ಲಾದರೆ ಇ-ಖಾತಾ.

ಇನ್ನರ್ಧ ನಾವು ಕೇಳಿಯೇ ಇರದ ವಿಷಯ. ನಮ್ಮ ಕಡೆ ನಿಜಾಮರ ಕಾಲದ ಇನಾಂ ಜಮೀನಿನ ತಕರಾರು ಹೇಗೋ, ಅಲ್ಲಿಯೂ ಹಳೆ ಪದ್ಧತಿಗಳ ಬೇರು ಇನ್ನೂ ಇದೆ.

ಒಂದು ಮೂಲಗೇಣಿ. ಜಾಗ ಇನ್ನೊಬ್ಬರದು, ಮನೆ ಕಟ್ಟಿಕೊಂಡು ತಲೆತಲಾಂತರ ಇರುವ ಹಕ್ಕು ಗೇಣಿದಾರರದು, ವರ್ಷಕ್ಕೆ ಇಷ್ಟು ಎಂದು ನಿಗದಿಯಾದ ಗೇಣಿ. ಇಂಥವರಿಗೆ ಪೂರ್ತಿ ಒಡೆತನ ಕೊಡಲು 2011ರಲ್ಲಿ ಕಾಯ್ದೆ ಬಂತು. ಆದರೂ ಹಳೆ ಪತ್ರದಲ್ಲಿ ಆ ಶಬ್ದ ಕಂಡರೆ, ಒಡೆತನ ಬಂದಿದೆಯೋ ಬರೀ ಗೇಣಿ ಹಕ್ಕು ಮಾರುತ್ತಿದ್ದಾರೋ ಎಂದು ವಕೀಲರಿಂದ ಬರಹದಲ್ಲಿ ಕೇಳಿ.

ಇನ್ನೊಂದು ಕುಮ್ಕಿ. ನಮಗೆ ತೋರಿಸಿದ ಒಂದು ಮನೆಯ ಹಿಂದೆ ಇಪ್ಪತ್ತು ತೆಂಗಿನ ಮರದ ತೋಟ ಇತ್ತು. ಏಜೆಂಟರು ಕೈ ಬೀಸಿ "ಇದೆಲ್ಲ ಇದಕ್ಕೇ ಸೇರಿದ್ದು" ಎಂದರು. ಪಹಣಿ ತೆಗೆಸಿದರೆ ಮನೆ ಇದ್ದ ಹನ್ನೆರಡು ಸೆಂಟ್ಸ್ ಮಾತ್ರ ಅವರದು, ಹಿಂದಿನದು ಕುಮ್ಕಿ. ಕುಮ್ಕಿ ಜಾಗ ಸರ್ಕಾರದ್ದು. ಪಕ್ಕದ ಪಟ್ಟಾದಾರರಿಗೆ ಸೊಪ್ಪು, ಸೌದೆಗೆ ಬಳಸುವ ಸವಲತ್ತು ಅಷ್ಟೇ. ಮಾರಲು ಬರುವುದಿಲ್ಲ. ಉತ್ತರ ಕನ್ನಡದಲ್ಲಿ 'ಬೆಟ್ಟ' ಜಮೀನು ಎನ್ನುತ್ತಾರಲ್ಲ, ಅಲ್ಲೂ ಇದೇ ಎಚ್ಚರ ಬೇಕು.

ಮತ್ತೆ ಅಳಿಯಸಂತಾನದ ಆಸ್ತಿ. ಕೆಲವು ಸಮುದಾಯಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಹರಿದು ಬಂದಿರುತ್ತದೆ. ಮಾರುವವರ ಮಕ್ಕಳ ಸಹಿ ಇದ್ದರೆ ಸಾಲದು. ಅಕ್ಕ ತಂಗಿಯರು, ಅವರ ಮಕ್ಕಳು, ಮುಂಬೈಯಲ್ಲಿರುವ ಚಿಕ್ಕಮ್ಮನ ಮಕ್ಕಳು ಎಲ್ಲರ ಹಕ್ಕು ಇರಬಹುದು. ಪಾಲುಪತ್ರ ಆಗಿದೆಯೇ ಕೇಳಿ. ಆಗಿಲ್ಲ ಎಂದರೆ ಎಷ್ಟೇ ಚೆಂದದ ಮನೆ ಇರಲಿ, ಬಿಟ್ಟು ಬನ್ನಿ.

1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಸಿಕ್ಕ ಜಮೀನು ಕರಾವಳಿಯಲ್ಲಿ ಬಹಳ. ಅಂಥ ಜಾಗವಾದರೆ ಭೂ ನ್ಯಾಯಮಂಡಳಿಯ ಆದೇಶ, ಅಧಿಭೋಗದ ಹಕ್ಕುಪತ್ರ ನೋಡಿ. ನ್ಯಾಯಮಂಡಳಿಯ ಅಂತಿಮ ಆದೇಶದ ದಿನದಿಂದ ಹದಿನೈದು ವರ್ಷ ಮಾರುವಂತಿಲ್ಲ ಎಂಬ ಷರತ್ತು ಇರುತ್ತದೆ. ಆ ಅವಧಿಯೊಳಗೆ ಮಾರಾಟ ನಡೆದಿದ್ದರೆ ಮುಂದಿನ ಎಲ್ಲ ಕ್ರಯಪತ್ರಕ್ಕೂ ಅದರ ಕಳಂಕ ಅಂಟುತ್ತದೆ.

ಸಮುದ್ರ ಕಾಣೋ ಹಾಗೆ ಮನೆ ಸಿಗುತ್ತಾ?

ಸಿಗುತ್ತದೆ. ಆದರೆ ಕೊಳ್ಳುವ ಮನಸ್ಸಿದ್ದರೆ ಎರಡು ಸಲ ಯೋಚಿಸಿ. ಉಬ್ಬರದ ಗೆರೆಯಿಂದ 500 ಮೀಟರ್ ತನಕ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇದೆ. 2019ರ ಅಧಿಸೂಚನೆಯ ಪ್ರಕಾರ ಹಳ್ಳಿ ಕಡೆ ಜನಸಂಖ್ಯೆ ದಟ್ಟವಾಗಿರುವಲ್ಲಿ 50 ಮೀಟರ್, ಉಳಿದ ಕಡೆ 200 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶ ಇಲ್ಲ. ಸಮುದ್ರಕ್ಕೆ ಮಾತ್ರ ಈ ನಿಯಮ ಎಂದುಕೊಳ್ಳಬೇಡಿ. ಉಬ್ಬರದ ನೀರು ಏರಿ ಬರುವ ಹೊಳೆಯ ದಂಡೆಗೂ ಇದೆ. ಕುಂದಾಪುರ ಪೇಟೆಯ ಸುತ್ತ ಪಂಚಗಂಗಾವಳಿಯ ನೀರು ಇದೆಯಲ್ಲ, ಅಲ್ಲಿ ಇದು ದೊಡ್ಡ ವಿಷಯ. ಸರ್ವೆ ನಂಬರ್ ಹಿಡಿದು ಉಡುಪಿಯ ಪರಿಸರ ಇಲಾಖೆಯ ಪ್ರಾದೇಶಿಕ ಕಚೇರಿಯಲ್ಲಿ ನಕಾಶೆ ನೋಡಿಸಿ.

ಕಡಲ್ಕೊರೆತ ಬೇರೆ. ಮಳೆಗಾಲದಲ್ಲಿ ಅಲೆ ದಂಡೆ ತಿನ್ನುವುದನ್ನು ಮರವಂತೆ ಕಡೆ ಕಣ್ಣಾರೆ ನೋಡಿದ್ದೇನೆ. ತೆಂಗಿನ ಮರದ ಬೇರು ಗಾಳಿಯಲ್ಲಿ ನೇತಾಡುತ್ತಿತ್ತು. ನಮ್ಮ ಬಾಡಿಗೆ ಮನೆಗೂ ಸಮುದ್ರಕ್ಕೂ ಎರಡು ಕಿಲೋಮೀಟರ್. ಸಂಜೆ ನಡೆದು ಹೋಗಿ ನೋಡಿ ಬರುತ್ತೇವೆ, ರಾತ್ರಿ ನಿಶ್ಚಿಂತೆಯಿಂದ ಮಲಗುತ್ತೇವೆ.

ಫ್ಲ್ಯಾಟ್ ಆದ್ರೆ ಇಷ್ಟೆಲ್ಲ ತಲೆನೋವು ಇಲ್ಲ ಅಲ್ವಾ?

ಸ್ವಲ್ಪ ಕಡಿಮೆ. 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಎಂಟಕ್ಕಿಂತ ಜಾಸ್ತಿ ಮನೆ ಇರುವ ಹೊಸ ಯೋಜನೆ ರೇರಾದಲ್ಲಿ (ಕಟ್ಟಡ ಯೋಜನೆಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ) ನೋಂದಣಿ ಆಗಿರಬೇಕು. ನಂಬರ್ ಕೇಳಿ, ನೀವೇ ನೋಡಿ. ವಾಸಕ್ಕೆ ಯೋಗ್ಯ ಎಂಬ ಪ್ರಮಾಣ ಪತ್ರ ಇಲ್ಲದ ಫ್ಲ್ಯಾಟ್ ಬೇಡ. ಕರೆಂಟ್ ಹೋದಾಗ ಲಿಫ್ಟಿಗೆ ಜನರೇಟರ್ ಇದೆಯೇ? ಅರ್ಧಕ್ಕಿಂತ ಹೆಚ್ಚು ಮನೆಗಳು ಬೀಗ ಹಾಕಿದ್ದರೆ ತಿಂಗಳ ಮೇಂಟೆನೆನ್ಸ್ ಯಾರು ಕೊಡುತ್ತಾರೆ? ರಾತ್ರಿ ಎಂಟು ಗಂಟೆಗೆ ಹೋಗಿ ಎಷ್ಟು ಕಿಟಕಿಯಲ್ಲಿ ಲೈಟ್ ಉರಿಯುತ್ತಿದೆ ಎಂದು ಎಣಿಸಿ.

ಮನೆ ಬೆಲೆ ಬಿಟ್ಟು ಮೇಲೆ ಎಷ್ಟು ಖರ್ಚು?

ಮುದ್ರಾಂಕ ಶುಲ್ಕ ಸಾಮಾನ್ಯವಾಗಿ 5%, ಅದರ ಮೇಲೆ ಸೆಸ್, ಸರ್ಚಾರ್ಜ್. ನೋಂದಣಿ ಶುಲ್ಕ 1% ಇದ್ದದ್ದು 2025ರ ಆಗಸ್ಟ್ 31ರಿಂದ 2% ಆಗಿದೆ. 40 ಲಕ್ಷದ ಮನೆಗೆ ಇದೇ ಮೂರು ಲಕ್ಷ ದಾಟುತ್ತದೆ. ಸರ್ಕಾರದ ಮಾರ್ಗಸೂಚಿ ದರ ನೀವು ಕೊಡುವ ಬೆಲೆಗಿಂತ ಜಾಸ್ತಿ ಇದ್ದರೆ ಲೆಕ್ಕ ಅದರ ಮೇಲೆ. ಸಾಲದ ಆಸೆ ಇದ್ದವರು ತಿಳಿದಿರಿ, ಸಾಲ 70 ಅಥವಾ 75 ವಯಸ್ಸಿನೊಳಗೆ ತೀರಬೇಕು ಎಂದು ಬ್ಯಾಂಕುಗಳು ಹೇಳುತ್ತವೆ. ಹಾಗಾಗಿ ಕಂತು ದೊಡ್ಡದಾಗುತ್ತದೆ.

ಕಲಬುರಗಿ ಮನೆ ಮಾರಿ ಹೋಗೋದು ಒಳ್ಳೇದಾ?

ಮೊದಲ ಎರಡು ವರ್ಷ ಮಾರಬೇಡಿ. ಮನೆ ಖಾಲಿ ಬಿಡುವುದೂ ಬೇಡ, ಬಾಡಿಗೆಗೆ ಕೊಡಿ. ಹೈಕೋರ್ಟ್ ಪೀಠ, ವಿಶ್ವವಿದ್ಯಾಲಯ, ಮೆಡಿಕಲ್ ಕಾಲೇಜುಗಳು ಇರುವ ಊರಿದು. ವರ್ಗವಾಗಿ ಬರುವ ನೌಕರರು ಸಿಗುತ್ತಾರೆ. ಕಲಬುರಗಿಯಲ್ಲಿ ಬರುವ ಬಾಡಿಗೆಗೆ ಸ್ವಲ್ಪ ಸೇರಿಸಿ ಕುಂದಾಪುರದ ಬಾಡಿಗೆ ಕಟ್ಟುತ್ತಿದ್ದೇವೆ. ನಮಗಾಗಿ ಮಹಡಿಯ ಒಂದು ಕೋಣೆ ಇಟ್ಟುಕೊಂಡಿದ್ದೇವೆ. ಸೀರೆ, ಫೋಟೋ, ಕಾಗದ ಅಲ್ಲೇ ಇವೆ ಎಂದೆನಲ್ಲ, ಆ ಕೋಣೆಯಲ್ಲಿ.

ಮಾರಲೇಬೇಕಾದರೆ ತೆರಿಗೆ ನೆನಪಿರಲಿ. ಲಾಭದ ಮೇಲೆ ಈಗ 12.5%. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಮನೆಗೆ ಹಣದುಬ್ಬರ ಕಳೆದು 20% ಕಟ್ಟುವ ಹಳೆ ದಾರಿಯೂ ಉಂಟು, ಯಾವುದು ಕಡಿಮೆಯೋ ಅದು. ಲಾಭದ ಹಣವನ್ನು ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳಲು ಅಥವಾ ಮೂರು ವರ್ಷದೊಳಗೆ ಕಟ್ಟಲು ಹಾಕಿದರೆ ವಿನಾಯಿತಿ ಇದೆ.

ಮನೆ ಮಗನ ಹೆಸರಿಗೆ ಮಾಡಿ ಹೋದ್ರೆ?

ದಯವಿಟ್ಟು ಅವಸರ ಮಾಡಬೇಡಿ. ಮಗ ಒಳ್ಳೆಯವನೇ ಇರುತ್ತಾನೆ. ಆದರೂ ನೀವು ಇರುವ ತನಕ ತಲೆ ಮೇಲಿನ ಸೂರು ನಿಮ್ಮ ಹೆಸರಲ್ಲೇ ಇರಲಿ. ವಿಲ್ ಬರೆದಿಡಿ, ಬೇಕಾದಾಗ ಬದಲಿಸಬಹುದು. ದಾನಪತ್ರವೇ ಮಾಡುವುದಾದರೆ, ನಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ, ಆ ಷರತ್ತು ಮುರಿದರೆ ಸಹಾಯಕ ಆಯುಕ್ತರ ಮುಂದೆ ಅರ್ಜಿ ಹಾಕಿ ಪತ್ರ ರದ್ದು ಮಾಡಿಸಬಹುದು. ಷರತ್ತು ಬರೆಸದೆ ಇದ್ದರೆ ದಾರಿ ಬಹಳ ಕಠಿಣ.

ನಾವು ಊರು ಬಿಟ್ರೆ ಮೊಮ್ಮಕ್ಕಳ 371ಜೆ (ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿ) ಹೋಗುತ್ತಾ?

ಅಜ್ಜ ಅಜ್ಜಿ ಕರಾವಳಿಗೆ ಹೋದ ಮಾತ್ರಕ್ಕೆ ಏನೂ ಹೋಗುವುದಿಲ್ಲ. ನಮ್ಮ ಭಾಗದಲ್ಲಿ ಹುಟ್ಟಿದವರಿಗೆ ಹುಟ್ಟಿನ ಆಧಾರದ ಮೇಲೆಯೇ ಅರ್ಹತಾ ಪ್ರಮಾಣ ಪತ್ರ ಸಿಗುತ್ತದೆ, ವಾಸದ ಆಧಾರದ ಮೇಲೂ ಇದೆ. ಆದರೆ ಮಕ್ಕಳ ಸಂಸಾರವೂ ನಿಮ್ಮ ಜೊತೆ ಹೊರಡುವುದಾದರೆ, ಹೊರಡುವ ಮುಂಚೆಯೇ ಪ್ರಮಾಣ ಪತ್ರ ಮಾಡಿಸಿಕೊಳ್ಳಿ. ಶಾಲೆಯ ದಾಖಲೆ, ಜನನ ಪತ್ರ ಇಲ್ಲೇ ಕೈಗೆ ಸಿಗುವಾಗ ಕೆಲಸ ಸುಲಭ.

ಆಸ್ಪತ್ರೆ?

ಇದೊಂದು ವಿಷಯದಲ್ಲಿ ಕರಾವಳಿ ಚೆನ್ನಾಗಿದೆ. ಕುಂದಾಪುರದಿಂದ ಮಣಿಪಾಲ ಸುಮಾರು 40 ಕಿ.ಮೀ., ಹೆದ್ದಾರಿ ದಾರಿ. ದಿನದ ಮಟ್ಟಿಗೆ ಬೇಕಾದ ಡಾಕ್ಟರು ಪೇಟೆಯಲ್ಲೇ ಸಿಗುತ್ತಾರೆ. ಮನೆ ಹಿಡಿಯುವ ಮುಂಚೆ ಆಂಬುಲೆನ್ಸ್ ಮನೆ ಬಾಗಿಲ ತನಕ ಬರುತ್ತದೆಯೇ ನೋಡಿ. ಅಲ್ಲಿ ಎಷ್ಟೋ ಮನೆಗೆ ಗದ್ದೆಯ ಅಂಚಿನ ಕಾಲುದಾರಿ ಮಾತ್ರ ಇರುತ್ತದೆ.

ಓಡಾಟಕ್ಕೆ ಬಸ್ಸು ಫ್ರೀ ಇದೆಯಲ್ಲ?

ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇರುವುದು ಸರ್ಕಾರಿ ಬಸ್ಸಿನಲ್ಲಿ. ಉಡುಪಿ, ದಕ್ಷಿಣ ಕನ್ನಡದಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ತೆಗೆಯಬೇಕು. ಕಲಬುರಗಿಯಿಂದ ಹೋಗಿ ಬರುವುದು ರಾತ್ರಿ ಪೂರ್ತಿ ಬಸ್ಸಿನ ದಾರಿ. ಮದುವೆ, ಮುಂಜಿ, ಸಾವು ನೋವು ಎಂದು ವರ್ಷಕ್ಕೆ ಎಷ್ಟು ಸಲ ಬರಬೇಕಾಗುತ್ತದೆ ಎಂದು ಲೆಕ್ಕ ಹಾಕಿ. ನಾವು ಹೋದ ವರ್ಷ ಏಳು ಸಲ ಬಂದೆವು. ಸೊಂಟಕ್ಕೆ ಅದು ಜಾಸ್ತಿಯೇ.

ರೊಟ್ಟಿ, ಜೋಳದ ವ್ಯವಸ್ಥೆ ಏನು?

ನಗಬೇಡಿ, ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ ಇದು. ಅಲ್ಲಿ ಕುಚ್ಚಲಕ್ಕಿ ಅನ್ನ, ಗಂಜಿ. ಜೋಳ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. ಹಿಟ್ಟು ಒಯ್ಯಬೇಡಿ, ಮಳೆಗಾಲದಲ್ಲಿ ಹತ್ತೇ ದಿನಕ್ಕೆ ಗಂಟು ಕಟ್ಟಿ ಹುಳ ಬೀಳುತ್ತದೆ. ಬಿಳಿಜೋಳ ಕಾಳನ್ನೇ ಒಯ್ಯಿರಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ, ಎರಡೆರಡು ಕಿಲೋ ಬೀಸಿಸಿ. ತೊಗರಿಬೇಳೆಯೂ ಇಲ್ಲಿಯದೇ ಇರಲಿ. ಹಂಚು ಇಲ್ಲಿಂದಲೇ ಬೇಕು. ನಾನು ಅಲ್ಲಿಯ ಅಂಗಡಿಯಲ್ಲಿ "ಹಂಚು ಕೊಡ್ರಿ" ಎಂದು ಕೇಳಿದೆ. ಅಂಗಡಿಯವರು "ಮಾಡಿಗೆ ಎಷ್ಟು ಬೇಕಮ್ಮ?" ಎಂದರು. ಅವರಿಗೆ ಹಂಚು ಎಂದರೆ ಮನೆಯ ಮಾಡಿಗೆ ಹೊದಿಸುವ ಹೆಂಚು. ನಮ್ಮ ಹಂಚಿಗೆ ಅವರು 'ಕಾವಲಿ' ಎನ್ನುತ್ತಾರೆ.

ಹೊಸ ಮನೆಗೆ ಹೋದ ಮೊದಲ ವಾರ, ಬೆಳಗ್ಗೆ ಆರೂವರೆಗೆ ರೊಟ್ಟಿ ಬಡಿಯುತ್ತಿದ್ದೆ. ಕೆಳಗಿನ ಮನೆಯ ಅಮ್ಮ ಮೇಲೆ ಹತ್ತಿ ಬಂದರು. "ಟೀಚರ್, ಏನೋ ಬಡಿಯುವ ಶಬ್ದ ಬರ್ತದಲ್ಲ, ಎಂತ ಅದು?" ಎಂದು ಬಾಗಿಲಲ್ಲಿ ನಿಂತು ಕೇಳಿದರು. ಕರೆದು ತೋರಿಸಿದೆ. ಒಲೆ ಪಕ್ಕ ನಿಂತು ಒಂದು ರೊಟ್ಟಿ ಉಬ್ಬುವ ತನಕ ನೋಡಿದರು. ಶೇಂಗಾ ಹಿಂಡಿ ಹಚ್ಚಿ ಕೊಟ್ಟೆ. ಈಗ ಶನಿವಾರ ಅವರ ಮನೆಗೆ ಎರಡು ರೊಟ್ಟಿ ಹೋಗುತ್ತವೆ, ನಮ್ಮ ಮನೆಗೆ ಅವರ ನೀರುದೋಸೆ ಬರುತ್ತದೆ.